ಟ್ರೇಲರೋ ಪ್ಯಾನಿಯರೋ: ಎರಡನ್ನೂ ಬಳಸಿದ ಮೇಲೆ

ಸೈಕಲ್ ಪ್ರವಾಸಕ್ಕೆ ಸಾಮಾನು ಹೊರಲು ಹಿಂದೆ ಎಳೆದುಕೊಂಡು ಹೋಗುವ ಟ್ರೇಲರ್ ಬೇಕೋ, ಕ್ಯಾರಿಯರ್‌ನ ಎರಡೂ ಬದಿಗೆ ನೇತುಹಾಕುವ ಚೀಲ, ಅಂದರೆ ಪ್ಯಾನಿಯರ್ ಬೇಕೋ ಅಂತ ಯೋಚಿಸುತ್ತಿದ್ದರೆ, ಸಾಮಾನು ಎಷ್ಟು ಕೆಜಿ ಅನ್ನೋದಕ್ಕಿಂತ ಮೊದಲು ನಿಮ್ಮ ಸೈಕಲ್ ಎಂಥದ್ದು ಅಂತ ನೋಡಿ. ನಾನು ಟ್ರೇಲರ್‌ನಿಂದ ಶುರು ಮಾಡಿದ್ದಕ್ಕೆ ಕಾರಣವೇ ಅದು. ಆಗ ನನ್ನ ಹತ್ತಿರ ಇದ್ದದ್ದು ಹಿಂದೆಯೂ ಸಸ್ಪೆನ್ಷನ್ ಇರುವ ಸೈಕಲ್. ಕ್ಯಾರಿಯರ್ ಬಿಗಿಯಲು ಫ್ರೇಮಿನಲ್ಲಿ ತೂತುಗಳೇ ಇರಲಿಲ್ಲ. ಹಿಂದಿನ ಚಕ್ರದ ಅಚ್ಚಿಗೆ ಸಿಕ್ಕಿಸುವ ಒಂಟಿ ಚಕ್ರದ ಟ್ರೇಲರ್ ಬಿಟ್ಟರೆ ಬೇರೆ ದಾರಿ ಇರಲಿಲ್ಲ.

ಸಮತಟ್ಟು ರಸ್ತೆಯಲ್ಲಿ ಅದು ಚೆನ್ನಾಗೇ ಬರುತ್ತದೆ. ಭಾರ ನೆಲಕ್ಕೆ ಹತ್ತಿರ ಇರುತ್ತದೆ, ಹಿಂದಿನ ಚಕ್ರದ ಕಡ್ಡಿಗಳ ಮೇಲೆ ಒತ್ತಡ ಕಡಿಮೆ, ಊರು ಸೇರಿದ ಮೇಲೆ ಟ್ರೇಲರ್ ಬಿಚ್ಚಿಟ್ಟು ಖಾಲಿ ಸೈಕಲ್ಲಿನಲ್ಲಿ ಸುತ್ತಾಡಬಹುದು. ಆದರೆ ಇಳಿಜಾರು ಬಂದಾಗ ಹುಷಾರಾಗಿರಬೇಕು. ಗಂಟೆಗೆ 40 ಕಿಲೋಮೀಟರ್ ಹತ್ತಿರ ಹೋದರೆ ನನ್ನದು ಹಿಂದಿನಿಂದ ಅಲುಗಾಡಲು ಶುರು ಮಾಡುತ್ತಿತ್ತು, ಸಾಮಾನು ಮೇಲೆ ಮೇಲೆ ಪೇರಿಸಿದ್ದರೆ ಇನ್ನೂ ಜಾಸ್ತಿ. ಭಾರದ್ದೆಲ್ಲ ತಳದಲ್ಲಿ ಹಾಕಿದ ಮೇಲೆ ಸ್ವಲ್ಪ ಹದಕ್ಕೆ ಬಂತು. ತಿರುವಿನ ಮಧ್ಯೆ ಜೋರಾಗಿ ಬ್ರೇಕ್ ಹಿಡಿದರೆ ಟ್ರೇಲರ್ ಪಕ್ಕಕ್ಕೆ ಮಡಚಿಕೊಳ್ಳಲು ನೋಡುತ್ತದೆ. ಹಾಗಾಗಿ ತಿರುವಿಗೆ ಮುಂಚೆಯೇ ವೇಗ ಇಳಿಸಬೇಕು.

ಇನ್ನೊಂದು ತಲೆನೋವು ಬಿಡಿಭಾಗದ್ದು. ಟ್ರೇಲರ್ ಚಕ್ರ ಸಾಮಾನ್ಯವಾಗಿ 16 ಇಂಚು, ಸೈಕಲ್ಲಿನದು ಬೇರೆ ಅಳತೆ. ಅಂದರೆ ಎರಡು ಥರದ ಟ್ಯೂಬ್ ಹೊತ್ತುಕೊಳ್ಳಬೇಕು. ಖಾಲಿ ಟ್ರೇಲರೇ ಆರು ಕೆಜಿ ಆಸುಪಾಸು ಇರುತ್ತದೆ, ಏರಿನಲ್ಲಿ ಅದನ್ನೂ ಎಳೆಯಬೇಕಲ್ವಾ? ಆದರೆ ನನಗೆ ನಿಜಕ್ಕೂ ಬೇಸರ ತರಿಸಿದ್ದು ಇದ್ಯಾವುದೂ ಅಲ್ಲ. ಸೈಕಲ್ ಓಡಿಸದೇ ಇರುವ ಹೊತ್ತು! ರೈಲು ಹತ್ತಿಸುವಾಗ, ಮೆಟ್ಟಿಲು ಏರಿಸುವಾಗ, ಸಂದಿಯಲ್ಲಿ ಹಿಂದಕ್ಕೆ ತಳ್ಳುವಾಗ ಪ್ರತಿ ಸಲ ರಗಳೆ.

ಆಮೇಲೆ ಕ್ಯಾರಿಯರ್ ಕೂರುವ ಸ್ಟೀಲ್ ಫ್ರೇಮಿನ ಸೈಕಲ್ ಸಿಕ್ಕಿತು, ಪ್ಯಾನಿಯರ್‌ಗೆ ಬದಲಾದೆ. ಇದಕ್ಕೂ ತನ್ನದೇ ಕಾಟಗಳಿವೆ. ಹಿಂದಿನ ಚಕ್ರಕ್ಕೆ ಭಾರವೆಲ್ಲ ಬೀಳುವುದರಿಂದ ಕಡ್ಡಿ ಮುರಿಯುತ್ತದೆ, ಹೆಚ್ಚಾಗಿ ಚೈನ್ ಇರುವ ಬದಿಯಲ್ಲೇ, ಯಾಕೆಂದರೆ ಆ ಕಡೆಯ ಕಡ್ಡಿಗಳು ಜಾಸ್ತಿ ಬಿಗಿ ಇರುತ್ತವೆ. ಆ ಬದಿಯ ಅಳತೆಯ ಕಡ್ಡಿಗಳನ್ನು ಕ್ಯಾರಿಯರ್ ಸರಳಿಗೆ ಟೇಪ್ ಸುತ್ತಿ ಇಟ್ಟುಕೊಂಡಿರುತ್ತೇನೆ. ಫ್ರೇಮಿನ ಹಿಂಭಾಗ ಗಿಡ್ಡ ಇದ್ದರೆ ತುಳಿಯುವಾಗ ಹಿಮ್ಮಡಿ ಚೀಲಕ್ಕೆ ತಾಗುತ್ತದೆ. ಕೊಳ್ಳುವ ಮುಂಚೆ ಚೀಲ ನೇತುಹಾಕಿ, ನೀವು ಹಾಕಿಕೊಳ್ಳುವ ಶೂಗಳಲ್ಲೇ ಪೆಡಲ್ ತಿರುಗಿಸಿ ನೋಡಿ. ಅಡ್ಡಗಾಳಿ ಬೀಸಿದರೆ ಚೀಲಗಳು ಹಾಯಿಯ ಹಾಗೆ ಗಾಳಿ ಹಿಡಿಯುತ್ತವೆ.

ಭಾರದಲ್ಲಿ ಸ್ವಲ್ಪ ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕಿಗೂ ಹಂಚಿದ್ದರಿಂದ ನನಗೆ ದೊಡ್ಡ ವ್ಯತ್ಯಾಸ ಆಯಿತು. ಹ್ಯಾಂಡಲ್ ಮೊದಲಿಗೆ ಜಡ ಅನ್ನಿಸುತ್ತದೆ, ಆದರೆ ಏರಿನಲ್ಲಿ ಮುಂದಿನ ಚಕ್ರ ಹಗುರಾಗಿ ಅತ್ತಿತ್ತ ತೂಗಾಡುವುದು ನಿಲ್ಲುತ್ತದೆ. ಎಡ ಬಲ ಚೀಲಗಳ ತೂಕ ಮಾತ್ರ ಸರಿಸಮ ಇರಲಿ. ಕ್ಯಾರಿಯರ್ ಬೋಲ್ಟುಗಳನ್ನು ನಾನು ಬೆಳಿಗ್ಗೆ ಹೊರಡುವ ಮುಂಚೆ ಒಮ್ಮೆ ಮುಟ್ಟಿ ನೋಡುತ್ತೇನೆ, ಅದುರಿ ಅದುರಿ ಸಡಿಲ ಆಗುತ್ತವೆ.

ಮಗುವನ್ನೋ ನಾಯಿಯನ್ನೋ ಕರೆದುಕೊಂಡು ಹೋಗುವವರಿಗೆ ಅದಕ್ಕೆಂದೇ ಮಾಡಿದ ಎರಡು ಚಕ್ರದ ಟ್ರೇಲರ್ ಬೇಕು, ಅಲ್ಲಿ ಯೋಚನೆಯೇ ಇಲ್ಲ. ನೀರು ಸಿಗದ ದಾರಿಯಲ್ಲಿ ಹಲವು ದಿನದ ನೀರು ಹೊರುವುದಿದ್ದರೂ ಟ್ರೇಲರೇ ವಾಸಿ. ಡೇರೆ, ಬಟ್ಟೆ, ಸ್ಟವ್ ಇಷ್ಟೇ ಆದರೆ ನಾನಂತೂ ಪ್ಯಾನಿಯರ್ ಬಿಟ್ಟು ಹೋಗಲ್ಲ.