ಎಕ್ಸ್‌ಟೆನ್ಶನ್ ಟ್ಯೂಬ್ ಹಾಕಿ ಹಿತ್ತಲಿನ ಹುಳಗಳ ಫೋಟೊ ತೆಗೆಯುವುದು

ಕರಿಬೇವಿನ ಚಿಗುರಿನ ಮೇಲೆ ಚಿಟ್ಟೆ ಇಟ್ಟ ಮೊಟ್ಟೆ ಸುಮಾರು 1 ಮಿ.ಮೀ. ಇರುತ್ತದೆ. ಸಾಮಾನ್ಯ ಲೆನ್ಸ್‌ನಲ್ಲಿ ಅದು ಬರೀ ಒಂದು ಚುಕ್ಕೆ. ದೊಡ್ಡದಾಗಿ ಕಾಣಲಿ ಎಂದು ಇನ್ನಷ್ಟು ಹತ್ತಿರ ಹೋದರೆ ಫೋಕಸ್ಸೇ ಕೂರುವುದಿಲ್ಲ. ಲೆನ್ಸನ್ನು ಚಿತ್ರ ಹಿಡಿಯುವ ಸೆನ್ಸರ್‌ನಿಂದ ದೂರ ಸರಿಸಿದಷ್ಟೂ ಅದು ಹತ್ತಿರದ ವಸ್ತುವಿನ ಮೇಲೆ ಫೋಕಸ್ ಮಾಡಬಲ್ಲದು. ಲೆನ್ಸ್ ಮತ್ತು ಕ್ಯಾಮೆರಾ ನಡುವೆ ಕೂರುವ ಎಕ್ಸ್‌ಟೆನ್ಶನ್ ಟ್ಯೂಬ್ ಮಾಡುವ ಕೆಲಸ ಇಷ್ಟೇ. ಅದರೊಳಗೆ ಗಾಜಿಲ್ಲ, ಅದು ಟೊಳ್ಳು ಉಂಗುರ. ಹಾಗಾಗಿ ದುಬಾರಿ ಟ್ಯೂಬ್‌ನಿಂದ ಚಿತ್ರ ಹೆಚ್ಚು ಚೂಪಾಗುವುದಿಲ್ಲ. ಹೆಚ್ಚಿನ ಹಣ ಕೊಡಬೇಕಾದದ್ದು ವಿದ್ಯುತ್ ಸಂಪರ್ಕದ ಪಿನ್ನುಗಳಿಗೆ ಮತ್ತು ಅಲುಗಾಡದ ಲೋಹದ ಮೌಂಟ್‌ಗೆ.

ಪಿನ್ ಇಲ್ಲದ ಅಗ್ಗದ ಟ್ಯೂಬ್ ಕೊಂಡವರಿಗೆ ಮೊದಲು ಎದುರಾಗುವ ತೊಂದರೆ ಅಪರ್ಚರ್‌ನದು, ಅಂದರೆ ಲೆನ್ಸ್‌ನೊಳಗೆ ಬೆಳಕು ಬಿಡುವ ರಂಧ್ರದ್ದು. ಕ್ಯಾಮೆರಾ ಮತ್ತು ಲೆನ್ಸ್ ನಡುವೆ ಮಾತುಕತೆ ಇರುವುದಿಲ್ಲ. ಕ್ಯಾನನ್ ಇಎಫ್ ಲೆನ್ಸ್ ಆದರೆ ಅಪರ್ಚರ್ ಪೂರ್ತಿ ತೆರೆದೇ ಉಳಿಯುತ್ತದೆ. ಇದಕ್ಕೊಂದು ಉಪಾಯವಿದೆ: ಲೆನ್ಸನ್ನು ನೇರವಾಗಿ ಕ್ಯಾಮೆರಾಕ್ಕೆ ಹಾಕಿ, ಅಪರ್ಚರ್ ಎಫ್ 8 ಇಟ್ಟು (ಎಫ್ ಸಂಖ್ಯೆ ದೊಡ್ಡದಾದಷ್ಟೂ ರಂಧ್ರ ಚಿಕ್ಕದು), ರಂಧ್ರವನ್ನು ಅಷ್ಟಕ್ಕೆ ಮುಚ್ಚಿ ತೋರಿಸುವ ಡೆಪ್ತ್ ಆಫ್ ಫೀಲ್ಡ್ ಪ್ರಿವ್ಯೂ ಗುಂಡಿಯನ್ನು ಒತ್ತಿ ಹಿಡಿದುಕೊಂಡೇ ಲೆನ್ಸ್ ಬಿಚ್ಚಿದರೆ ಅಪರ್ಚರ್ ಅಲ್ಲೇ ನಿಲ್ಲುತ್ತದೆ. ಆದರೆ ಬದಲಿಸಬೇಕೆಂದಾಗಲೆಲ್ಲ ಇದೇ ಕಸರತ್ತು ಮಾಡಬೇಕು, ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಕೂಡ ಕತ್ತಲಾಗಿರುತ್ತದೆ. ಅಪರ್ಚರ್ ಉಂಗುರವಿರುವ ಹಳೆಯ ಮ್ಯಾನುಯಲ್ ಲೆನ್ಸ್ ಮನೆಯಲ್ಲಿದ್ದರೆ ಮಾತ್ರ ಅಗ್ಗದ ಟ್ಯೂಬ್ ಸಾಕು. ಇಲ್ಲದಿದ್ದರೆ ಪಿನ್ ಇರುವುದನ್ನೇ ಕೊಳ್ಳಿ. ಪಿನ್ ಇಲ್ಲದ ಟ್ಯೂಬನ್ನು ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ) ಕ್ಯಾಮೆರಾಕ್ಕೆ ಹಾಕಿದಾಗ ಶಟರ್ ಒತ್ತಿದರೂ ಏನೂ ಆಗದಿದ್ದರೆ, ಲೆನ್ಸ್ ಇಲ್ಲದೆಯೂ ಶಟರ್ ಬಿಡುವ ಆಯ್ಕೆಯನ್ನು ಮೆನುವಿನಲ್ಲಿ ಆನ್ ಮಾಡಿ.

ಕನ್ನಡಿಯಿರುವ ಡಿಎಸ್‌ಎಲ್‌ಆರ್ ಕ್ಯಾಮೆರಾಗೆ ಸಾಮಾನ್ಯವಾಗಿ ಸಿಗುವುದು 12, 20 ಮತ್ತು 36 ಮಿ.ಮೀ.ನ ಮೂರು ಉಂಗುರಗಳ ಸೆಟ್. ಮಿರರ್‌ಲೆಸ್‌ಗೆ 10 ಮತ್ತು 16ರ ಜೋಡಿ. ಯಾವುದನ್ನು ಹಾಕಿದರೆ ಎಷ್ಟು ದೊಡ್ಡದಾಗುತ್ತದೆ ಎಂಬ ಲೆಕ್ಕ ಸುಲಭ: ಟ್ಯೂಬ್‌ನ ಉದ್ದವನ್ನು ಲೆನ್ಸ್‌ನ ಫೋಕಲ್ ಲೆಂತ್‌ನಿಂದ (ಲೆನ್ಸ್ ಮೇಲೆ ಬರೆದಿರುವ ಮಿ.ಮೀ. ಸಂಖ್ಯೆ) ಭಾಗಿಸಿ, ಲೆನ್ಸ್‌ಗೆ ಮೊದಲೇ ಇರುವ ಗರಿಷ್ಠ ವರ್ಧನೆಗೆ ಕೂಡಿಸಿ. ವರ್ಧನೆ ಎಂದರೆ ಸೆನ್ಸರ್ ಮೇಲೆ ಬೀಳುವ ಬಿಂಬ ವಸ್ತುವಿನ ನಿಜ ಗಾತ್ರದ ಎಷ್ಟು ಪಟ್ಟು ಎಂಬುದು. 50 ಮಿ.ಮೀ. ಲೆನ್ಸ್‌ನ ಸ್ವಂತ ವರ್ಧನೆ 0.15ರಿಂದ 0.2ರಷ್ಟು. ಅದಕ್ಕೆ 20 ಮಿ.ಮೀ. ಹಾಕಿದರೆ 0.4 ಸೇರಿ 0.6ರ ಹತ್ತಿರ. ಮೂರೂ ಸೇರಿಸಿದರೆ 68 ಮಿ.ಮೀ., ಅಂದರೆ ಒಟ್ಟು ಸುಮಾರು 1.5. ಇದನ್ನು ಪರೀಕ್ಷಿಸಲು ಶಾಲೆಯ ಸ್ಕೇಲ್ ಸಾಕು. ಅದರ ಫೋಟೊ ತೆಗೆದು ಚೌಕಟ್ಟಿನ ಅಗಲದಲ್ಲಿ ಎಷ್ಟು ಮಿ.ಮೀ. ಗೆರೆಗಳಿವೆ ಎಂದು ಎಣಿಸಿ. ಸೆನ್ಸರ್‌ನ ಅಗಲವನ್ನು ಆ ಸಂಖ್ಯೆಯಿಂದ ಭಾಗಿಸಿದರೆ ನಿಜವಾದ ವರ್ಧನೆ ಸಿಗುತ್ತದೆ. ಝೂಮ್ ಲೆನ್ಸ್‌ಗಳಲ್ಲಿ ಹತ್ತಿರ ಫೋಕಸ್ ಮಾಡುವಾಗ ಫೋಕಲ್ ಲೆಂತ್ ಬದಲಾಗುವುದರಿಂದ ಮೇಲಿನ ಲೆಕ್ಕ ತಪ್ಪಬಹುದು, ಸ್ಕೇಲ್ ತಪ್ಪುವುದಿಲ್ಲ.

ಇದೇ ಲೆಕ್ಕ ಯಾವ ಲೆನ್ಸ್ ಬೇಡ ಎಂಬುದನ್ನೂ ಹೇಳುತ್ತದೆ. 18-55 ಝೂಮ್ ಲೆನ್ಸನ್ನು 18ರಲ್ಲಿಟ್ಟು 20 ಮಿ.ಮೀ. ಟ್ಯೂಬ್ ಹಾಕಿದರೆ ಫೋಕಸ್ ಬೀಳುವ ಜಾಗ ಮುಂಭಾಗದ ಗಾಜಿಗೆ ಅಂಟಿಕೊಂಡಂತೆ, ಕೆಲವೊಮ್ಮೆ ಗಾಜಿನೊಳಗೇ ಇರುತ್ತದೆ. ಟ್ಯೂಬ್ ಕೆಟ್ಟಿದೆ ಎಂದು ವಾಪಸು ಮಾಡಲು ಹೊರಡುವ ಮುನ್ನ 55ಕ್ಕೆ ತಿರುಗಿಸಿ ನೋಡಿ. ಇನ್ನೊಂದು ತುದಿಯಲ್ಲಿ, 250 ಮಿ.ಮೀ. ಟೆಲಿ ಲೆನ್ಸ್‌ಗೆ 36 ಹಾಕಿದರೂ ಸೇರುವುದು ಬರೀ 0.14. ಆದರೂ ಅದು ವ್ಯರ್ಥವಲ್ಲ: ಹತ್ತಿರ ಹೋದರೆ ಹಾರಿಹೋಗುವ ಚಿಟ್ಟೆ, ಏರೋಪ್ಲೇನ್ ಚಿಟ್ಟೆಗಳಿಗೆ ದೂರದಲ್ಲಿ ನಿಂತೇ ಕೆಲಸ ಮಾಡಬಹುದು. ಟ್ಯೂಬ್ ಇರುವಷ್ಟು ಹೊತ್ತು ದೂರದ ದೃಶ್ಯ ಫೋಕಸ್ ಆಗುವುದಿಲ್ಲ, ಗಾಬರಿಯಾಗಬೇಡಿ.

ಜೋಡಿಸುವಾಗ ಕ್ಯಾಮೆರಾ ಆಫ್ ಮಾಡಿ, ಬಾಯಿ ಕೆಳಗೆ ಮಾಡಿ ಹಿಡಿಯಿರಿ; ಧೂಳು ಸೆನ್ಸರ್ ಮೇಲೆ ಕೂರುವುದು ಈ ಹೊತ್ತಿನಲ್ಲೇ. ಮೊದಲು ಟ್ಯೂಬನ್ನು ಲೆನ್ಸ್‌ಗೆ ಚುಕ್ಕೆಗೆ ಚುಕ್ಕೆ ಹೊಂದಿಸಿ ಕ್ಲಿಕ್ ಎನ್ನುವವರೆಗೆ ತಿರುಗಿಸಿ, ಆಮೇಲೆ ಎರಡನ್ನೂ ಒಟ್ಟಿಗೆ ಕ್ಯಾಮೆರಾಕ್ಕೆ ಹಾಕಿ. ಕ್ಯಾನನ್ ಇಎಫ್-ಎಸ್ ಲೆನ್ಸ್ ಇದ್ದವರು ಟ್ಯೂಬ್‌ನಲ್ಲಿ ಬಿಳಿ ಚೌಕದ ಗುರುತು ಇದೆಯೇ ಎಂದು ನೋಡಿಯೇ ಕೊಳ್ಳಬೇಕು; ಆ ಗುರುತು ಇಲ್ಲದ ಟ್ಯೂಬ್‌ಗೆ ಈ ಲೆನ್ಸ್ ಕೂರುವುದಿಲ್ಲ.

ಈಗ ಟ್ಯೂಬ್ ನಮ್ಮಿಂದ ಕಿತ್ತುಕೊಳ್ಳುವ ಎರಡು ಸಂಗತಿಗಳು: ಬೆಳಕು ಮತ್ತು ಫೋಕಸ್‌ನ ಆಳ. ಚಿತ್ರ ಕೆಡುವುದೆಲ್ಲ ಹೆಚ್ಚಾಗಿ ಇವೆರಡರಿಂದಲೇ. ವರ್ಧನೆಗೆ 1 ಕೂಡಿಸಿ ಅಪರ್ಚರ್ ಸಂಖ್ಯೆಯಿಂದ ಗುಣಿಸಿದರೆ ನಿಜವಾಗಿ ಸಿಗುವ ಅಪರ್ಚರ್ ತಿಳಿಯುತ್ತದೆ. ವರ್ಧನೆ 1 ಇದ್ದಾಗ ಎಫ್ 8 ಎಂದರೆ ಎಫ್ 16ರಷ್ಟು ಬೆಳಕು, ಅಂದರೆ ಎರಡು ಸ್ಟಾಪ್ ನಷ್ಟ (ಒಂದೊಂದು ಸ್ಟಾಪ್‌ಗೆ ಬೆಳಕು ಅರ್ಧವಾಗುತ್ತದೆ). 1.5ರಲ್ಲಿ ಅದು ಎಫ್ 20. ಕ್ಯಾಮೆರಾದ ಮೀಟರ್ ಒಳಗೆ ಬಂದ ಬೆಳಕನ್ನೇ ಅಳೆಯುವುದರಿಂದ ಈ ನಷ್ಟವನ್ನು ತಾನೇ ಸರಿತೂಗಿಸುತ್ತದೆ. ಮ್ಯಾನುಯಲ್ ಫ್ಲ್ಯಾಶ್ ಬಳಸುವಾಗ ಮಾತ್ರ ನಾವು ಲೆಕ್ಕ ಹಾಕಬೇಕು.

ಆಳದ ಕೊರತೆ ಇನ್ನೂ ಕಠಿಣ. ಎಪಿಎಸ್-ಸಿ (ಫುಲ್ ಫ್ರೇಮ್‌ಗಿಂತ ಚಿಕ್ಕ) ಸೆನ್ಸರ್‌ನಲ್ಲಿ ಎಫ್ 8 ಇಟ್ಟರೆ 0.7 ವರ್ಧನೆಯಲ್ಲಿ ಚೂಪಾಗಿ ಕಾಣುವ ಪದರ ಸುಮಾರು 1 ಮಿ.ಮೀ., 1.5ರಲ್ಲಿ ಬರೀ 0.36 ಮಿ.ಮೀ. ಹಾಗಾದರೆ ಎಫ್ 22 ಇಡೋಣ ಎನ್ನಿಸುವುದು ಸಹಜ. ಬೇಡ. 1.5 ವರ್ಧನೆಯಲ್ಲಿ ಅದು ಎಫ್ 55 ಆಗುತ್ತದೆ. ಅಷ್ಟು ಸಣ್ಣ ರಂಧ್ರದಲ್ಲಿ ಬೆಳಕು ಬಾಗಿ ಚೆದುರಿ, ಫೋಕಸ್ ಸರಿಯಿದ್ದ ಭಾಗವೂ ಮಂಕಾಗುತ್ತದೆ. ಎಫ್ 8ರಿಂದ 11ರೊಳಗೇ ಇರಿ. ಹುಳದ ಬೆನ್ನಿಗೆ ಸೆನ್ಸರ್ ಸಮಾನಾಂತರವಾಗಿರುವಂತೆ ಕೋನ ಆರಿಸಿಕೊಂಡರೆ, ಇರುವ ಪದರದಲ್ಲೇ ಹೆಚ್ಚು ಭಾಗ ಕೂರುತ್ತದೆ. ಎದುರಿನಿಂದ ತೆಗೆಯುವಾಗ ಕಣ್ಣು ಚೂಪಾಗಿದ್ದರೆ ಉಳಿದದ್ದು ಕರಗಿದರೂ ನಡೆಯುತ್ತದೆ. ಕಣ್ಣು ತಪ್ಪಿದರೆ ಬೇರೇನೂ ಆ ಚಿತ್ರವನ್ನು ಉಳಿಸದು.

ಆಟೊಫೋಕಸ್ ಆಫ್ ಮಾಡಿ. ಇಷ್ಟು ಹತ್ತಿರದಲ್ಲಿ ಅದು ಹಿಂದೆ ಮುಂದೆ ತಡಕಾಡುತ್ತಲೇ ಇರುತ್ತದೆ. ಫೋಕಸ್ ಉಂಗುರವನ್ನು ಒಂದು ಕಡೆ ನಿಲ್ಲಿಸಿ, ಮೈಯನ್ನೇ ಕೂದಲೆಳೆಯಷ್ಟು ಮುಂದೆ ಹಿಂದೆ ವಾಲಿಸಿ, ಕಣ್ಣು ಚೂಪಾದ ಕ್ಷಣ ಶಟರ್ ಒತ್ತಿ. ಎಡಗೈಯಲ್ಲಿ ಗಿಡದ ಕಡ್ಡಿ ಹಿಡಿದು, ಅದೇ ಕೈಯ ಮೇಲೆ ಲೆನ್ಸ್‌ನ ತುದಿ ಊರಿದರೆ ಗಾಳಿಗೆ ಎಲೆಯೂ ಕ್ಯಾಮೆರಾವೂ ಒಟ್ಟಿಗೆ ಅಲುಗುತ್ತವೆ. ಟ್ರೈಪಾಡ್‌ಗಿಂತ ಈ ಹಿಡಿತ ಹೊರಗಡೆ ಹೆಚ್ಚು ಫಲ ಕೊಡುತ್ತದೆ. ಕಡ್ಡಿ ಹಿಡಿಯುವ ಮುನ್ನ ಕೆಂಪಿರುವೆ ಇದೆಯೇ ನೋಡಿಕೊಳ್ಳಿ.

ಕೈಯಲ್ಲಿ ಹಿಡಿದು ತೆಗೆಯುವುದಾದರೆ ಫ್ಲ್ಯಾಶ್ ಬೇಕೇ ಬೇಕು. ಎರಡನೇ ಲೆನ್ಸ್ ಕೊಳ್ಳುವ ಹಣವಿದ್ದರೆ ಅದನ್ನು ಫ್ಲ್ಯಾಶ್‌ಗೆ ಹಾಕಿ. ಶಟರ್ 1/200 ಸೆಕೆಂಡ್, ಎಫ್ 8, ಐಎಸ್‌ಒ 200, ಫ್ಲ್ಯಾಶ್ ಮ್ಯಾನುಯಲ್‌ನಲ್ಲಿ ಪೂರ್ಣ ಶಕ್ತಿಯ 1/8: ಇಲ್ಲಿಂದ ಶುರುಮಾಡಿ, ಪರದೆ ನೋಡಿ ಹೆಚ್ಚು ಕಡಿಮೆ ಮಾಡಿ. ಫ್ಲ್ಯಾಶ್‌ನ ಶಕ್ತಿ ತಗ್ಗಿಸಿದಷ್ಟೂ ಅದರ ಮಿಂಚಿನ ಅವಧಿ ಕಿರಿದಾಗಿ ನಡುಕ ಮಾಯವಾಗುತ್ತದೆ. ಕ್ಯಾಮೆರಾದ ಮೇಲೆ ತಾನೇ ಎದ್ದು ನಿಲ್ಲುವ ಫ್ಲ್ಯಾಶ್ ಇಲ್ಲಿ ಸೋಲುತ್ತದೆ, ಲೆನ್ಸ್‌ನ ನೆರಳು ಹುಳದ ಮೇಲೇ ಬೀಳುತ್ತದೆ. ಬೇರೆ ಫ್ಲ್ಯಾಶ್ ಹಾಕಿದರೂ ಅದರ ನೇರ ಬೆಳಕು ಗುಲಗಂಜಿ ಹುಳದ ಹೊಳಪು ಬೆನ್ನಿನ ಮೇಲೆ ಬಿಳಿ ಕಲೆಯಾಗಿ ಸುಡುತ್ತದೆ. ಟಿವಿ ಡಬ್ಬದಲ್ಲಿ ಬರುವ ತೆಳು ಬಿಳಿ ಫೋಮ್ ಹಾಳೆ ಅಥವಾ ಟ್ರೇಸಿಂಗ್ ಪೇಪರನ್ನು ಫ್ಲ್ಯಾಶ್‌ನಿಂದ ಲೆನ್ಸ್‌ನ ತುದಿಯವರೆಗೆ ಚಪ್ಪರದಂತೆ ಬಾಗಿಸಿ ಕಟ್ಟಿ. ಹುಳದ ಕಣ್ಣಿಂದ ನೋಡಿದಾಗ ಆ ಹಾಳೆ ಆಕಾಶದಷ್ಟು ದೊಡ್ಡದಾಗಿ ಕಾಣಬೇಕು. ಹಾಳೆ ಹುಳದಿಂದ ದೂರ ಸರಿದಷ್ಟೂ ನೆರಳು ಗಡುಸಾಗುತ್ತದೆ.

ಹುಳವನ್ನು ಫ್ರಿಜ್‌ನಲ್ಲಿಟ್ಟು ಮಂಕು ಮಾಡುವ, ಗೋಂದು ಹಚ್ಚಿ ನಿಲ್ಲಿಸುವ ಅಭ್ಯಾಸ ಬೇಡವೇ ಬೇಡ. ಬೆಳಿಗ್ಗೆ ಬಿಸಿಲೇರುವ ಮುನ್ನ ಹೋದರೆ ಅವು ತಾವಾಗಿಯೇ ತಣ್ಣಗೆ ಕೂತಿರುತ್ತವೆ. ಕಲಿಯಲು ದಾಸವಾಳದ ಕುಡಿಯ ಹಿಟ್ಟು ತಿಗಣೆ, ತುಂಬೆ ಹೂವು, ಮೊದಲು ಹೇಳಿದ ಚಿಟ್ಟೆಯ ಮೊಟ್ಟೆ ಒಳ್ಳೆಯವು, ಎಲ್ಲಿಗೂ ಓಡುವುದಿಲ್ಲ. ಮೊಟ್ಟೆಗಾದರೆ ಟ್ರೈಪಾಡ್ ಹೂಡಿ, 1.5 ವರ್ಧನೆಯಲ್ಲಿ ಫೋಕಸನ್ನು 0.25 ಮಿ.ಮೀ.ಯಷ್ಟು ಸರಿಸುತ್ತಾ ಐದಾರು ಚಿತ್ರ ತೆಗೆದು ಹೆಲಿಕಾನ್ ಫೋಕಸ್ ಅಥವಾ ಝೆರೀನ್ ಸ್ಟ್ಯಾಕರ್ ಎಂಬ ಸಾಫ್ಟ್‌ವೇರ್‌ನಲ್ಲಿ ಒಂದಾಗಿಸಬಹುದು. ಎಲೆ ಅಲುಗಿದರೆ ಅಂಚುಗಳಲ್ಲಿ ಜೋಡಿ ಗೆರೆ ಬರುತ್ತದೆ. ಪಕ್ಕದಲ್ಲಿ ಕೋಲು ನೆಟ್ಟು ಬಟ್ಟೆ ಕ್ಲಿಪ್‌ನಿಂದ ಕಡ್ಡಿಯನ್ನು ಹಿಡಿಸಿ.

ಚಿತ್ರದ ನಡುವೆ ಹೊಗೆ ಕವಿದಂತೆ ಬೆಳ್ಳಗಿದ್ದರೆ ಟ್ಯೂಬ್‌ನ ಒಳಗೋಡೆ ಹೊಳೆಯುತ್ತಿದೆ ಎಂದರ್ಥ. ಅಲ್ಲಿ ಕಪ್ಪು ವೆಲ್ವೆಟ್ ಹಾಳೆ ಅಂಟಿಸಿ, ಪಿನ್ನುಗಳಿಗೆ ತಾಗದಿರಲಿ. ಕ್ಯಾನನ್‌ನಲ್ಲಿ ಎರರ್ 01 ಬಂದರೆ ಟ್ಯೂಬ್‌ನ ಎರಡೂ ಬದಿಯ ಪಿನ್ನು, ಲೆನ್ಸ್‌ನ ಹಿಂಭಾಗ, ಎಲ್ಲವನ್ನೂ ಒಣ ಮೃದು ಬಟ್ಟೆಯಿಂದ ಒರೆಸಿ ಮತ್ತೆ ಹಾಕಿ. ಮೂರು ಉಂಗುರ ಒಟ್ಟಿಗೆ ಹಾಕಿದಾಗ ಮಾತ್ರ ಇದು ಬರುತ್ತಿದ್ದರೆ ಒಂದೊಂದಾಗಿ ಹಾಕಿ ನೋಡಿ, ಯಾವುದು ಸಡಿಲವೋ ಸಿಕ್ಕಿಬೀಳುತ್ತದೆ.