ಡ್ರಿಲ್ ಮಷೀನು ವರ್ಷಗಟ್ಟಲೆ ಬಾಳಬೇಕಾದರೆ: ನನ್ನ ಅನುಭವ

ನಾನು ಮನೆಗಳಿಗೆ ವಯರಿಂಗ್ ಮಾಡುವವನು. ಡ್ರಿಲ್ ಮಷೀನು ದಿನವೂ ಕೈಯಲ್ಲಿರುತ್ತದೆ. ಯಾವ ಕಂಪನಿಯದು ಜಾಸ್ತಿ ಬಾಳಿಕೆ ಬರುತ್ತದೆ ಅಂತ ಹೊಸ ಹುಡುಗರು ಕೇಳುತ್ತಾರೆ. ಯಾವುದಕ್ಕೆ ತೂತು ಹೊಡೆಯುತ್ತೀಯ ಅಂತ ನಾನು ತಿರುಗಿ ಕೇಳುತ್ತೇನೆ.

13 ಎಂಎಂ ಚಕ್ (ಡ್ರಿಲ್ ಬಿಟ್ ಹಿಡಿಯುವ ಬಾಯಿ) ಇರುವ ಇಂಪ್ಯಾಕ್ಟ್ ಡ್ರಿಲ್ ಇಟ್ಟಿಗೆ ಗೋಡೆಗೆ, ಮರಕ್ಕೆ ಸಾಕು. ಅದರೊಳಗೆ ಹಲ್ಲಿನ ಎರಡು ಬಿಲ್ಲೆ ಒಂದಕ್ಕೊಂದು ಉಜ್ಜಿ ಪೆಟ್ಟು ಕೊಡುತ್ತವೆ. ಹಾಗಾಗಿ ನಾವು ಒತ್ತಿದಷ್ಟೇ ಪೆಟ್ಟು. ಆರ್‌ಸಿಸಿ ಮೋಲ್ಡಿಗೆ, ಅಂದರೆ ಕಬ್ಬಿಣ ಹಾಕಿದ ಕಾಂಕ್ರೀಟ್ ಛಾವಣಿಗೆ, ಅದನ್ನೇ ಹಿಡಿದು ಒತ್ತುತ್ತಾ ನಿಂತರೆ ಮೋಟರು ಕಾದು ಆರ್ಮೇಚರ್ (ಮೋಟರಿನೊಳಗೆ ತಿರುಗುವ ಭಾಗ) ಸುಡುತ್ತದೆ. ಮೋಲ್ಡಿಗೆ ನಾನು ರೋಟರಿ ಹ್ಯಾಮರ್ ಬೇರೆಯೇ ಇಟ್ಟುಕೊಂಡಿದ್ದೇನೆ. ಅದರಲ್ಲಿ ಪಿಸ್ಟನ್ ಗಾಳಿಯ ಒತ್ತಡದಿಂದ ಹೊಡೆಯುತ್ತದೆ, ಸುಮ್ನೆ ನೆಟ್ಟಗೆ ಹಿಡಿದರೆ ಆಯಿತು. ಕೆಲಸ ಹೀಗೆ ಹಂಚಿದ ಮೇಲೆ ಎರಡೂ ಚೆನ್ನಾಗಿ ಬಾಳುತ್ತಿವೆ.

ಇನ್ನು ಕಾರ್ಬನ್, ಅಂದರೆ ಆರ್ಮೇಚರಿಗೆ ಕರೆಂಟು ಮುಟ್ಟಿಸುವ ಎರಡು ಸಣ್ಣ ತುಂಡುಗಳು. ವಯರಿನ ಡ್ರಿಲ್ ನಿಂತುಹೋದಾಗ ನಾನು ಮೊದಲು ನೋಡುವುದೇ ಇದನ್ನು. ಹಿಂದಿನ ಗಾಳಿಕಿಂಡಿಯಲ್ಲಿ ಕಿಡಿ ದೊಡ್ಡದಾಗಿ ಕಂಡರೆ, ಅಥವಾ ತಟ್ಟಿದಾಗ ಮಾತ್ರ ಓಡಿದರೆ, ಪ್ಲಗ್ ಕಿತ್ತು ಬಿಚ್ಚುತ್ತೇನೆ. ಸವೆದು 5-6 ಎಂಎಂ ಉಳಿದಿದ್ದರೆ ಎರಡನ್ನೂ ಒಟ್ಟಿಗೇ ಬದಲಿಸುತ್ತೇನೆ. ಒಂದನ್ನೇ ಹಾಕಿದರೆ ಎರಡೂ ಸಮನಾಗಿ ಕೂರುವುದಿಲ್ಲ. ಹಾಗೆಯೇ ಟಾರ್ಚ್ ಹಿಡಿದು ಕಮ್ಯುಟೇಟರ್, ಅಂದರೆ ಕಾರ್ಬನ್ ಉಜ್ಜುವ ತಾಮ್ರದ ಪಟ್ಟಿಗಳ ಭಾಗ, ನೋಡಿ. ತಾಮ್ರ ಕಂದುಬಣ್ಣಕ್ಕೆ ತಿರುಗಿ ನುಣ್ಣಗಿದ್ದರೆ ಚಿಂತೆಯಿಲ್ಲ. ಪಟ್ಟಿಗಳು ಸುಟ್ಟು ಕಪ್ಪಾಗಿ ಗುಳಿ ಬಿದ್ದಿದ್ದರೆ ಹೊಸ ಕಾರ್ಬನ್ನೂ ಬೇಗ ಹೋಗುತ್ತದೆ. ಹೊಸದು ಹಾಕಿದ ಮೇಲೆ ಲೋಡ್ ಇಲ್ಲದೆ ಸ್ವಲ್ಪ ಹೊತ್ತು ಓಡಿಸಿ, ಅದು ಸರಿಯಾಗಿ ಕೂರಬೇಕು.

ಸೀಲಿಂಗಿಗೆ ತೂತು ಹೊಡೆಯುವಾಗ ಪುಡಿಯೆಲ್ಲ ಚಕ್ಕಿನೊಳಗೇ ಬೀಳುತ್ತದೆ. ಪ್ಲಾಸ್ಟಿಕ್ ಲೋಟದ ತಳಕ್ಕೆ ತೂತು ಮಾಡಿ ಡ್ರಿಲ್ ಬಿಟ್‌ಗೆ ಸಿಕ್ಕಿಸಿಕೊಳ್ಳುತ್ತೇನೆ. ಪುಡಿ ಅದರಲ್ಲೇ ನಿಲ್ಲುತ್ತದೆ. ಸಂಜೆ ಬ್ಲೋವರ್‌ನಿಂದ ಕಿಂಡಿಗಳಿಗೆ ಗಾಳಿ ಹೊಡೆಯುತ್ತೇನೆ. ಮಷೀನು ತುಂಬಾ ಕಾದಿದ್ದರೆ ತಕ್ಷಣ ಆಫ್ ಮಾಡಬೇಡಿ. ಖಾಲಿ ಓಡಿಸಿದರೆ ಒಳಗಿನ ಫ್ಯಾನೇ ಅದನ್ನು ತಂಪು ಮಾಡುತ್ತದೆ. ವಯರ್ ಹಿಡಿದು ನೇತಾಡಿಸಿಕೊಂಡು ಹೋಗಲೂಬೇಡಿ, ಹಿಡಿಕೆಯ ಬುಡದಲ್ಲಿ ಒಳಗೊಳಗೇ ತುಂಡಾಗುತ್ತದೆ.

ಹೊಸದು ಕೊಳ್ಳುವಾಗ ವಾರಂಟಿಗಿಂತ ಮೊದಲು, ಆ ಮಾಡೆಲ್ಲಿನ ಕಾರ್ಬನ್, ಸ್ವಿಚ್, ಆರ್ಮೇಚರ್ ನಿಮ್ಮೂರಿನ ಅಂಗಡಿಯಲ್ಲಿ ಬಿಡಿಯಾಗಿ ಸಿಗುತ್ತವಾ ಅಂತ ಕೇಳಿ. ಸಿಗುವುದಿಲ್ಲ ಅಂದರೆ, ಎಷ್ಟೇ ಒಳ್ಳೆಯದಾದರೂ ನಾನು ಆ ಮಷೀನು ತರುವುದಿಲ್ಲ.