ಪರಿಮಳಕ್ಕೆ ಭಾವವನ್ನು ಹೊಂದಿಸುವ ಬಗೆ: ವಿನ್ಯಾಸ ವಿದ್ಯಾರ್ಥಿಗಳಿಗೊಂದು ಕೈಪಿಡಿ

ಸುಗಂಧದ ಮೇಲೆ ಪ್ರಾಜೆಕ್ಟ್ ಕೈಗೆತ್ತಿಕೊಂಡ ವಿನ್ಯಾಸ ವಿದ್ಯಾರ್ಥಿಗಳು ಸಾಮಾನ್ಯವಾಗಿ ಮೊದಲ ದಿನವೇ ಒಂದು ಕೋಷ್ಟಕ ಬರೆದುಬಿಡುತ್ತಾರೆ. ಲ್ಯಾವೆಂಡರ್ ಎಂದರೆ ಶಾಂತಿ, ನಿಂಬೆ ಎಂದರೆ ಉಲ್ಲಾಸ, ಗುಲಾಬಿ ಎಂದರೆ ಪ್ರೇಮ, ಶ್ರೀಗಂಧ ಎಂದರೆ ಭಕ್ತಿ. ಕೋಷ್ಟಕ ಅಚ್ಚುಕಟ್ಟಾಗಿಯೇ ಇರುತ್ತದೆ, ಆದರೆ ಅದನ್ನು ನಂಬಿ ಮಾಡಿದ ಬಾಟಲಿ, ಲೇಬಲ್ಲು, ಪೆಟ್ಟಿಗೆಗಳೆಲ್ಲ ಅಂಗಡಿಯ ಕಪಾಟಿನಲ್ಲಿ ಈಗಾಗಲೇ ಸಾಲಾಗಿ ನಿಂತಿರುವಂಥವೇ ಆಗುತ್ತವೆ. ಆದ್ದರಿಂದ ಇಂಥ ಪ್ರಾಜೆಕ್ಟ್ ಮಾಡಿಸುವಾಗ ನಾನು ಕೋಷ್ಟಕವನ್ನು ಕೊನೆಯ ವಾರಕ್ಕೆ ಮುಂದೂಡಿಸುತ್ತೇನೆ.

ಇದಕ್ಕೆ ಕಾರಣ ನಮ್ಮ ಮೂಗಿನಲ್ಲೇ ಇದೆ. ವಾಸನೆಯನ್ನು ಗ್ರಹಿಸುವ ಗ್ರಾಹಕಗಳ ವಂಶವಾಹಿಗಳನ್ನು ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ 1991ರಲ್ಲಿ ಗುರುತಿಸಿದರು, ಆ ಕೆಲಸಕ್ಕೆ 2004ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಮನುಷ್ಯನಲ್ಲಿ ಇಂಥ ಸುಮಾರು 400 ಬಗೆಯ ಗ್ರಾಹಕಗಳು ಕೆಲಸ ಮಾಡುತ್ತವೆ. ಕಣ್ಣು ಮತ್ತು ಕಿವಿಯ ಸಂಕೇತಗಳು ಮೆದುಳಿನ ಥಲಾಮಸ್ ಎಂಬ ಭಾಗವನ್ನು ಹಾದು ಮುಂದೆ ಹೋದರೆ, ಮೂಗಿನ ಸಂಕೇತಗಳು ಆ ಸುತ್ತುದಾರಿ ಹಿಡಿಯದೆ ಭಾವನೆ ಮತ್ತು ನೆನಪಿಗೆ ಸಂಬಂಧಪಟ್ಟ ಭಾಗಗಳನ್ನು ಬೇಗನೆ ತಲುಪುತ್ತವೆ. ವಾಸನೆಯ ಹೆಸರು ಹೊಳೆಯುವ ಮೊದಲೇ ಎದೆಯಲ್ಲಿ ಏನೋ ಆಗುವುದನ್ನು ನಾವೆಲ್ಲ ಕಂಡಿದ್ದೇವೆ. ಆದರೆ ಯಾವ ವಾಸನೆಗೆ ಯಾವ ಭಾವ ಎಂಬುದು ಬಹುಪಾಲು ಕಲಿತು ಬಂದದ್ದು. ವಿಂಟರ್‌ಗ್ರೀನ್ ಎಂಬ ಗಿಡದ ತೈಲದ ವಾಸನೆ ಅಮೆರಿಕದಲ್ಲಿ ಮಿಠಾಯಿಯ ನೆನಪು ತರುತ್ತದೆ, ಬ್ರಿಟನ್ನಿನ ಹಳೆಯ ತಲೆಮಾರಿಗೆ ಅದು ಔಷಧಿಯ ವಾಸನೆ, ನಮ್ಮಲ್ಲಿಯಂತೂ ಅಜ್ಜಿಯ ಮೊಣಕಾಲಿಗೆ ತಿಕ್ಕಿದ ನೋವಿನ ಮುಲಾಮು. ರೇಚಲ್ ಹರ್ಜ್ ಮತ್ತು ಜೂಲಿಯಾ ವಾನ್ ಕ್ಲೆಫ್ 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದೇ ದ್ರವ್ಯವನ್ನು ಒಮ್ಮೆ ಪಾರ್ಮೆಸಾನ್ ಚೀಸ್ ಎಂದೂ ಇನ್ನೊಮ್ಮೆ ವಾಂತಿ ಎಂದೂ ಹೇಳಿ ಮೂಸಲು ಕೊಡಲಾಯಿತು. ಹೆಸರು ಬದಲಾದಂತೆ ಅದೇ ಜನರ ಮೆಚ್ಚುಗೆಯೂ ಬದಲಾಯಿತು.

ಈ ವಿಷಯಕ್ಕೆ ನಮ್ಮ ಕಾವ್ಯಮೀಮಾಂಸೆಯಲ್ಲಿ ಚೆನ್ನಾಗಿ ಒಗ್ಗುವ ಒಂದು ಮಾತಿದೆ. ಭಾವ ಹುಟ್ಟಲು ಕಾರಣವಾದದ್ದು ವಿಭಾವ, ಅದರಲ್ಲಿ ಯಾರನ್ನು ಕುರಿತು ಭಾವ ಹುಟ್ಟುತ್ತದೆಯೋ ಅದು ಆಲಂಬನ, ಹುಟ್ಟಿದ ಭಾವವನ್ನು ಕೆರಳಿಸುವ ಬೆಳದಿಂಗಳು, ಮಾಲೆ, ಅನುಲೇಪನ (ಮೈಗೆ ಪೂಸುವ ಗಂಧ) ಮುಂತಾದವು ಉದ್ದೀಪನ. ಪರಿಮಳದ ಸ್ಥಾನ ಈ ಕೊನೆಯದರಲ್ಲಿದೆ. ಪರಿಮಳವೇ ಭಾವವಲ್ಲ, ಯಾವುದೋ ಸನ್ನಿವೇಶದ ಉದ್ದೀಪನ ಅದು. ಆದ್ದರಿಂದ ವಿನ್ಯಾಸಕಾರ ಹುಡುಕಬೇಕಾದದ್ದು ಮೊದಲು ಸನ್ನಿವೇಶವನ್ನು, ಆಮೇಲೆ ತೈಲವನ್ನು.

ಪ್ರಾಜೆಕ್ಟಿಗೆ ಒಂದೇ ಭಾವವನ್ನು ಆರಿಸಿಕೊಂಡು, ಅದನ್ನು ಕನ್ನಡದಲ್ಲೇ ಹೆಸರಿಸಿ. ಉದಾಹರಣೆಗೆ ‘ನಿರಾಳ’ ಎಂದಿಟ್ಟುಕೊಳ್ಳೋಣ. ಅದು ಶಾಂತಿಯೂ ಅಲ್ಲ, ಸಂತೋಷವೂ ಅಲ್ಲ, ಹೊತ್ತ ಭಾರ ಇಳಿದ ಮೇಲಿನ ಸ್ಥಿತಿ. ಈಗ ಬೇರೆ ಬೇರೆ ವಯಸ್ಸಿನ ಹನ್ನೆರಡು ಹದಿನೈದು ಮಂದಿಯ ಎದುರು ಕುಳಿತು, ಒಬ್ಬೊಬ್ಬರನ್ನೇ ಬೇರೆಯಾಗಿ ಮಾತನಾಡಿಸಿ. ‘ನಿರಾಳ ಎಂದರೆ ಯಾವ ವಾಸನೆ ನೆನಪಾಗುತ್ತದೆ?’ ಎಂದು ಕೇಳಬೇಡಿ. ಹಾಗೆ ಕೇಳಿದರೆ ಜಾಹೀರಾತಿನ ಉತ್ತರವೇ ಬರುತ್ತದೆ. ‘ಇತ್ತೀಚೆಗೆ ಉಸ್ಸಪ್ಪಾ ಎಂದು ಕುಳಿತದ್ದು ಯಾವಾಗ? ಎಲ್ಲಿ? ಆಗ ಸುತ್ತ ಏನೇನಿತ್ತು?’ ಎಂದು ಕೇಳಿ, ಸುಮ್ಮನಾಗಿ. ಒಬ್ಬರು ದೀಪಾವಳಿಯ ಎಣ್ಣೆಸ್ನಾನದಿಂದ ಶುರುಮಾಡಿ, ಹಂಡೆಯ ಕೆಳಗಿನ ಸೌದೆಯ ಹೊಗೆ, ತಲೆಗೆ ತಿಕ್ಕಿದ ಸೀಗೆಪುಡಿಯ ಘಾಟು, ಸ್ನಾನ ಮುಗಿಸಿ ಉಟ್ಟ ಹೊಸಬಟ್ಟೆಯ ಗಂಜಿಯ ವಾಸನೆ, ಹೀಗೆ ಸಾಲಾಗಿ ಹೇಳುತ್ತ ಹೋಗುತ್ತಾರೆ. ಇನ್ನೊಬ್ಬರಿಗೆ ಕೊನೆಯ ಪರೀಕ್ಷೆ ಮುಗಿಸಿ ಹೊರಬಂದಾಗ ಬಿದ್ದ ಮಳೆಯ ಮಣ್ಣಿನ ಕಂಪು. ಮತ್ತೊಬ್ಬರಿಗೆ ಬೆಳಗಿನ ಗದ್ದಲವೆಲ್ಲ ಮುಗಿದು ಮನೆ ಖಾಲಿಯಾದ ಮೇಲೆ ಇಳಿಸಿಕೊಂಡ ಎರಡನೆಯ ಡಿಕಾಕ್ಷನ್.

ಅವರು ಬಳಸುವ ಶಬ್ದಗಳನ್ನು ಹಾಗೆಯೇ ಬರೆದುಕೊಳ್ಳಿ. ಘಮಘಮ, ಕಮ್ಮನೆ, ಘಾಟು, ಕಮಟು, ಸೀದದ್ದು, ಮುಗ್ಗಲು, ಹಸಿ ವಾಸನೆ ಎಂಬ ಮಾತುಗಳು ನಮ್ಮ ಅಡುಗೆಮನೆ, ಬಚ್ಚಲು, ಕಣಜಗಳಲ್ಲಿ ಸವೆದು ನಯವಾದವು, ಅವುಗಳಿಗೆ ಖಚಿತವಾದ ಅರ್ಥವಿದೆ. ‘ವುಡಿ’, ‘ಮಸ್ಕಿ’ ಎಂದು ಸುಗಂಧ ವ್ಯಾಪಾರದ ಇಂಗ್ಲಿಷಿನಲ್ಲಿ ಬರೆದುಕೊಂಡ ಟಿಪ್ಪಣಿಯಿಂದ ಬಾಟಲಿಯ ಆಕಾರ ಹೊಳೆಯುವುದಿಲ್ಲ, ‘ಹಂಡೆ ಒಲೆಯ ಹೊಗೆ ಕೂದಲಲ್ಲೇ ಕೂತಿತ್ತು’ ಎಂಬುದರಿಂದ ಹೊಳೆಯುತ್ತದೆ.

ಇಲ್ಲೊಂದು ಎಚ್ಚರಿಕೆಯನ್ನು ನಾನು ಕಷ್ಟಪಟ್ಟು ಕಲಿತೆ. ಒಮ್ಮೆ ಗುಂಪಿನಲ್ಲಿ ಶ್ರೀಗಂಧದ ಎಣ್ಣೆಯಲ್ಲಿ ಅದ್ದಿದ ಕಾಗದದ ಪಟ್ಟಿಯನ್ನು ಮೂಸಲು ಹಂಚಿದಾಗ, ಎಲ್ಲರೂ ‘ದೇವರಮನೆ’ ಎನ್ನುತ್ತಾರೆಂದು ಎಣಿಸಿ ಆ ಶಬ್ದವನ್ನು ಹಲಗೆಯ ಮೇಲೆ ಬರೆದೇ ಇಟ್ಟಿದ್ದೆ. ಮೂಲೆಯಲ್ಲಿದ್ದ ಹುಡುಗಿಯೊಬ್ಬಳು ಪಟ್ಟಿಯನ್ನು ಮೂಗಿನ ಹತ್ತಿರ ತಂದವಳು ತಟ್ಟನೆ ಮೇಜಿನ ಮೇಲೆ ಬೋರಲು ಇಟ್ಟು ಹೊರಗೆ ಹೋದಳು. ತಂದೆಯನ್ನು ಮಲಗಿಸಿದ್ದ ಪಡಸಾಲೆಯಲ್ಲಿ ಆ ದಿನವೆಲ್ಲ ಗಂಧದಕಡ್ಡಿ ಉರಿದಿತ್ತಂತೆ. ಅಂದಿನಿಂದ ನಾನು ಶುರುವಿನಲ್ಲೇ, ಯಾವ ಪಟ್ಟಿಯನ್ನಾದರೂ ಕಾರಣ ಹೇಳದೆ ಪಕ್ಕಕ್ಕಿಡಬಹುದು ಎಂದು ತಿಳಿಸುತ್ತೇನೆ, ಗುಂಪಿನಲ್ಲಿ ಮೂಸಿಸುವುದನ್ನೂ ಬಿಟ್ಟಿದ್ದೇನೆ. ಅದೇ ಶ್ರೀಗಂಧ ಬೇರೆಯವರಿಗೆ ಬಚ್ಚಲುಮನೆ. ಮೊದಲ ಮಹಾಯುದ್ಧದಿಂದಾಗಿ ಜರ್ಮನಿಗೆ ಗಂಧದ ಮರದ ರಫ್ತು ನಿಂತು, 1916ರಲ್ಲಿ ಮೈಸೂರಿನಲ್ಲೇ ಗಂಧದೆಣ್ಣೆಯ ಕಾರ್ಖಾನೆ ಶುರುವಾದ ಮೇಲೆ, ಅದರ ಎಣ್ಣೆ ಬೆರೆತ ಸೋಪು ತಲೆಮಾರುಗಳ ಕಾಲ ನಮ್ಮ ಮನೆಗಳಲ್ಲಿ ಕರಗಿದೆಯಲ್ಲ!

ಸನ್ನಿವೇಶಗಳು ಕೈಗೆ ಬಂದ ಮೇಲೆ ದ್ರವ್ಯಗಳ ಕೆಲಸ. ಆರರಿಂದ ಎಂಟು ದ್ರವ್ಯಗಳು ಸಾಕು, ಅದಕ್ಕಿಂತ ಹೆಚ್ಚಾದರೆ ಮೂಗು ಸೋಲುತ್ತದೆ. ಮಳೆಯ ಕಂಪು ಬೇಕಿದ್ದರೆ ಉತ್ತರ ಪ್ರದೇಶದ ಕನೌಜಿನಲ್ಲಿ ತಯಾರಾಗುವ ಮಿಟ್ಟಿ ಅತ್ತರ್ ಇದೆ. ಸುಟ್ಟ ಜೇಡಿಮಣ್ಣನ್ನು ತಾಮ್ರದ ಹಂಡೆಯಲ್ಲಿ ನೀರಿನೊಡನೆ ಕಾಯಿಸಿ, ಆವಿಯನ್ನು ಗಂಧದೆಣ್ಣೆಗೆ ಇಳಿಸುವುದು ಅದರ ಸಾಂಪ್ರದಾಯಿಕ ಕ್ರಮ. ಹೊಗೆಗೆ ಸಾಂಬ್ರಾಣಿ, ಬೇರಿನ ತಂಪಿಗೆ ಲಾವಂಚ, ಹಸಿರು ಸಿಹಿಗೆ ದವನ. ಮಲ್ಲಿಗೆಯ ಸಾರವನ್ನು ಕೊಳ್ಳುವವರು ಒಂದು ಸಂಗತಿ ತಿಳಿದಿರಬೇಕು. ಮಲ್ಲಿಗೆಯಲ್ಲಿ ಇಂಡೋಲ್ ಎಂಬ ದ್ರವ್ಯವಿದ್ದು, ಅದು ಮಲದಲ್ಲಿಯೂ ಇರುವಂಥದು. ಹೂವಿನ ಆಳಕ್ಕೆ ಅದೂ ಒಂದು ಕಾರಣ. ಅದನ್ನು ತೆಗೆದುಬಿಟ್ಟ ಅಗ್ಗದ ‘ಜಾಸ್ಮಿನ್’ ಸೋಪಿನಂತೆ ಚೊಕ್ಕಟವಾಗಿರುತ್ತದೆ, ಮುಡಿದ ಹೂವಿನಂತೆ ಇರುವುದಿಲ್ಲ. ಮೈಸೂರು, ಉಡುಪಿ, ಹಡಗಲಿ ಮಲ್ಲಿಗೆಗಳು ಮೂರೂ ಭೌಗೋಳಿಕ ಸೂಚಕ ಪಡೆದ ಬೇರೆ ಬೇರೆ ಹೂವುಗಳು. ಊರಿನವರೊಡನೆ ಮಾತನಾಡುವಾಗ ಯಾವ ಮಲ್ಲಿಗೆ ಎಂದು ಕೇಳದೆ ಮುಂದೆ ಹೋಗಬೇಡಿ.

ಒಂದು ಪಾಲು ತೈಲಕ್ಕೆ ಒಂಬತ್ತು ಪಾಲು ಸುಗಂಧಕ್ಕೆ ಬಳಸುವ ಆಲ್ಕೋಹಾಲ್ ಬೆರೆಸಿ, ಹೀರುಕಾಗದದ ಪಟ್ಟಿಯ ತುದಿಯನ್ನಷ್ಟೇ ಅದ್ದಿ, ಅರ್ಧ ನಿಮಿಷ ಗಾಳಿಗೆ ಹಿಡಿದು ಕೊಡಿ. ಪರೀಕ್ಷೆಯನ್ನೆಲ್ಲ ಕಾಗದದ ಮೇಲೆಯೇ ಮಾಡಿ. ಬೆರೆಸದ ತೈಲವನ್ನು ಯಾರ ಮೈಗೂ ಹಚ್ಚಬಾರದು, ಬರ್ಗಮಾಟ್‌ನಂಥ ಕೆಲವು ನಿಂಬೆಜಾತಿಯ ಹಣ್ಣುಗಳ ಸಿಪ್ಪೆಯ ತೈಲಗಳನ್ನು ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಡುತ್ತದೆ. ಆಸ್ತಮಾ ಇರುವವರನ್ನು ಪರೀಕ್ಷೆಗೆ ಕರೆಯದಿರುವುದೇ ಒಳ್ಳೆಯದು. ಮೂಗು ದಣಿದಾಗ ಕಾಫಿಬೀಜ ಮೂಸುವ ಪದ್ಧತಿ ಅಂಗಡಿಗಳಲ್ಲಿದೆ, ನನಗೆ ಅದರಲ್ಲಿ ನಂಬಿಕೆಯಿಲ್ಲ. ಅದೂ ಇನ್ನೊಂದು ವಾಸನೆಯೇ. ಹೊರಗೆ ಹೋಗಿ ಐದು ನಿಮಿಷ ನಿಂತು ಬಂದರೆ ಸಾಕು.

ಪಟ್ಟಿಯ ಮೇಲೆ 417, 682 ಎಂಬಂಥ ಮೂರಂಕಿಯ ಸಂಖ್ಯೆ ಮಾತ್ರ ಇರಲಿ. 1, 2, 3 ಎಂದು ಬರೆದರೆ ಜನ ಅದನ್ನೇ ಶ್ರೇಣಿ ಎಂದುಕೊಳ್ಳುತ್ತಾರೆ, ಹೆಸರು ಬರೆದರಂತೂ ಚೀಸಿನ ಕಥೆಯೇ. ಉತ್ತರ ಗುರುತಿಸಲು ಎರಡು ಗೆರೆಗಳು ಸಾಕು: ಅಡ್ಡಗೆರೆಯಲ್ಲಿ ಹಿತ–ಅಹಿತ, ಉದ್ದಗೆರೆಯಲ್ಲಿ ಉದ್ವೇಗ–ವಿಶ್ರಾಂತಿ. ಭಾವಗಳನ್ನು ಹೀಗೆ ಎರಡು ಅಕ್ಷಗಳಲ್ಲಿ ಇಡುವ ಮಾದರಿಯನ್ನು ಮನೋವಿಜ್ಞಾನಿ ಜೇಮ್ಸ್ ರಸೆಲ್ 1980ರಲ್ಲಿ ಮಂಡಿಸಿದರು. ಚುಕ್ಕಿ ಇಟ್ಟಾದ ಮೇಲೆ, ಅದೇ ಪಟ್ಟಿಯಿಂದ ನೆನಪಾದ ಸನ್ನಿವೇಶವನ್ನು ಒಂದು ವಾಕ್ಯದಲ್ಲಿ ಹೇಳಿಸಿ. ಚುಕ್ಕಿಗಳು ಒತ್ತಾಗಿ ಬಿದ್ದರೂ ವಾಕ್ಯಗಳು ದಿಕ್ಕಾಪಾಲಾಗಿದ್ದರೆ ಆ ದ್ರವ್ಯ ಎಲ್ಲರಿಗೂ ಇಷ್ಟವಾಗುತ್ತದೆ, ಆದರೆ ಯಾರಿಗೂ ಏನನ್ನೂ ಹೇಳುವುದಿಲ್ಲ.

ಒಂದೇ ಪಟ್ಟಿಯನ್ನು ಅದ್ದಿದ ಕೂಡಲೇ, ಅರ್ಧ ಗಂಟೆಗೆ, ನಾಲ್ಕು ಗಂಟೆಗೆ ಮೂರು ಸಲ ಕೊಡಿ. ನಿಂಬೆ, ಕಿತ್ತಳೆಗಳಂಥ ಹಗುರ ಅಣುಗಳು ಮೊದಲು ಹಾರಿಹೋಗುತ್ತವೆ, ಹೂವುಗಳು ನಡುವೆ ನಿಲ್ಲುತ್ತವೆ, ಶ್ರೀಗಂಧ, ಲಾವಂಚಗಳು ಮರುದಿನವೂ ಕಾಗದದಲ್ಲಿರುತ್ತವೆ. ನಾಟ್ಯಶಾಸ್ತ್ರ ಮನಸ್ಸಿನಲ್ಲಿ ನೆಲೆನಿಲ್ಲುವ ಎಂಟು ಸ್ಥಾಯಿಭಾವಗಳನ್ನೂ, ಅವುಗಳ ಮೇಲೆ ಬಂದು ಹೋಗುವ 33 ಸಂಚಾರಿಭಾವಗಳನ್ನೂ ಹೇಳುತ್ತದೆ. ಸುಗಂಧದ ಈ ಮೂರು ಹಂತಗಳನ್ನು ನಾನು ಹಾಗೆಯೇ ಓದಿಸುತ್ತೇನೆ. ‘ನಿರಾಳ’ಕ್ಕೆ ತಳದಲ್ಲಿ ಲಾವಂಚ ನಿಲ್ಲಬಹುದು, ಆದರೆ ಭಾರ ಇಳಿಯುವ ಮುನ್ನ ಭಾರವೂ ಇರಬೇಕಲ್ಲ? ಮೊದಲ ಕೆಲವು ನಿಮಿಷಕ್ಕೆ ಸೀಗೆಯ ಘಾಟನ್ನೋ ಹೊಗೆಯನ್ನೋ ಇಡುವ ಧೈರ್ಯ ಮಾಡಿದ ಪ್ರಾಜೆಕ್ಟುಗಳೇ ನನಗೆ ಇಷ್ಟವಾಗಿವೆ.

ಬಣ್ಣ, ಆಕಾರ, ಹೆಸರುಗಳನ್ನು ಇದಾದ ಮೇಲೆಯೇ ಮುಟ್ಟಿ. ನಿಂಬೆಯ ವಾಸನೆಗೆ ಚೂಪು ಆಕಾರವನ್ನೂ ವೆನಿಲಾಕ್ಕೆ ದುಂಡನೆಯದನ್ನೂ ಜನ ಸಾಮಾನ್ಯವಾಗಿ ಆರಿಸುತ್ತಾರೆ, ಆ ಒಲವನ್ನು ಬಳಸಿಕೊಳ್ಳಬಹುದು. ಆದರೆ ಹಂಡೆಯ ಬಾಯಿಯ ದುಂಡು, ಒಲೆಯ ಮಸಿ ಹಿಡಿದ ಕಪ್ಪು, ತೊಳೆದ ತಾಮ್ರದ ಕೆಂಪು ನಿಮ್ಮ ಟಿಪ್ಪಣಿಯಲ್ಲೇ ಇರುವಾಗ ಹೊರಗೆ ಹುಡುಕುವ ಅಗತ್ಯ ಕಡಿಮೆ.

ಕೊನೆಯ ಪರೀಕ್ಷೆಗೆ, ನಿಮ್ಮ ತರಗತಿಯ ನಾಲ್ಕು ಪ್ರಾಜೆಕ್ಟುಗಳ ಹೆಸರಿಲ್ಲದ ಪೆಟ್ಟಿಗೆಗಳನ್ನೂ ಅವುಗಳ ನಾಲ್ಕು ಪಟ್ಟಿಗಳನ್ನೂ ಏನೂ ತಿಳಿಯದ ಇಪ್ಪತ್ತು ಮಂದಿಯ ಮುಂದಿಟ್ಟು ಜೋಡಿಸಲು ಹೇಳಿ. ಸುಮ್ಮನೆ ಊಹಿಸಿದರೂ ಒಬ್ಬರಿಗೆ ಸರಾಸರಿ ಒಂದು ಜೋಡಿ ಸರಿಬೀಳುತ್ತದೆ, ಆದ್ದರಿಂದ ಸರಾಸರಿ ಎರಡನ್ನು ದಾಟದ ಹೊರತು ಬೀಗುವಂತಿಲ್ಲ. ಜೋಡಿ ತಪ್ಪಿದಾಗ ವಿದ್ಯಾರ್ಥಿಗಳು ಮೊದಲು ಪರಿಮಳವನ್ನು ಬದಲಿಸಲು ಹೊರಡುತ್ತಾರೆ. ಪಟ್ಟಿಯ ವಾಕ್ಯಗಳು ಒಂದೇ ಕಡೆ ಇದ್ದರೆ ಪರಿಮಳವನ್ನು ಹಾಗೆಯೇ ಬಿಟ್ಟು, ಪೆಟ್ಟಿಗೆಯನ್ನು ಬಿಚ್ಚಿ ಮತ್ತೆ ಮಾಡಿ.